ಎಣ್ಣೆ ಕುಡಿದ ಇನ್ನಿಂಗ್ಸ್

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಒಂದು ದೊಡ್ಡ ಡ್ರಾಯರ್ ಇದೆ. ನಿಮ್ಮ ಮನೆಯಲ್ಲೂ ಇರುತ್ತದೆ, ಇಲ್ಲವೆಂದು ಸುಳ್ಳು ಹೇಳಬೇಡಿ. ರಬ್ಬರ್ ಬ್ಯಾಂಡು, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಬೀಗದ ಕೈ, ಅರ್ಧ ಉರಿದ ಹುಟ್ಟುಹಬ್ಬದ ಮೇಣದಬತ್ತಿ, ಹೋಟೆಲಿನಿಂದ ಬಂದ ಕೆಚಪ್ಪಿನ ಪೊಟ್ಟಣ, ಎಲ್ಲವೂ ಬಂದು ಸೇರುವ ಜಾಗ. ಮೊನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಸಿಯಾಟಲ್ ಹತ್ತಿರದ ನಮ್ಮ ಕೆನ್ಮೋರಿನಲ್ಲಿ ಗಾಳಿ ಜೋರಾದರೆ ಯಾವುದಾದರೂ ಒಂದು ಮರ ತಂತಿಯ ಮೇಲೆ ಒರಗಿಕೊಳ್ಳುವುದು ಮಾಮೂಲು. ಬೆಂಕಿಪೆಟ್ಟಿಗೆ ಹುಡುಕಲು ಡ್ರಾಯರಿನ ಹಿಂದಿನ ಮೂಲೆಗೆ ಕೈ ಹಾಕಿದೆ. ಸಿಕ್ಕಿದ್ದು ಸ್ಟೀಲಿನ ಡಬ್ಬಿ. ಬೆಂಕಿಪೆಟ್ಟಿಗೆಯ ಕೆಲಸ ಅಲ್ಲಿಗೇ ನಿಂತಿತು.

ಮುಚ್ಚಳ ತೆಗೆದರೆ ಒಳಗೆ ನಾಲ್ಕು ಮಡಿಕೆಯ ಒಂದು ಹಾಳೆ. ಬಿಡಿಸಿ ಕಿಟಕಿಗೆ ಹಿಡಿದೆ. ಹಾಳೆಯ ನಡುವೆ ಅಂಗೈ ಅಗಲದ ದುಂಡನೆಯ ಎಣ್ಣೆ ಕಲೆ. ಕಲೆ ಇರುವಷ್ಟು ಜಾಗದಲ್ಲಿ ಮಾತ್ರ ಬೆಳಕು ಹಾಯುತ್ತದೆ. ಹಿಂಬದಿಯ ಬರಹವೂ ಮುಂಬದಿಯ ಬರಹವೂ ಒಂದರ ಮೇಲೊಂದು ಕೂತು ಕಾಣುತ್ತವೆ. ಅದು ನಿಪ್ಪಟ್ಟಿನ ಕಲೆ. ಮಾಡಿದವಳು ನಾನೇ. ಹಾಳೆ ಎಪ್ಪತ್ತರ ದಶಕದ ಒಂದು ಬೇಸ್‌ಬಾಲ್ ಆಟದ್ದು. ಸಿಯಾಟಲ್ಲಿಗೆ ಹೊಸದಾಗಿ ಒಂದು ತಂಡ ಬಂದು, ಸಿಮೆಂಟಿನ ಗುಮ್ಮಟದ ಕೆಳಗೆ ಆಡಿದ ಮೊದಲ ಸೀಸನ್ನಿನದು. ಇಂಥ ಹಾಳೆಗಳು ನನ್ನ ಕೈಗೆ ಹತ್ತಾರು ಬಂದಿದ್ದವು. ಉಳಿದಿರುವುದು ಇದೊಂದೇ. ಮಿಕ್ಕವು ಏನಾದವು ಎಂದು ಹೇಳಲು ನಾಚಿಕೆಯಾಗುತ್ತದೆ, ಹೇಳದೆ ಇದ್ದರೆ ಇನ್ನೂ ನಾಚಿಕೆಯಾಗುತ್ತದೆ. ಹಾಗಾಗಿ ಹೇಳಿಬಿಡುತ್ತೇನೆ. ನನ್ನದು ಸುತ್ತಿ ಬಳಸಿ ಹೇಳುವ ಬಾಯಿ, ಸ್ವಲ್ಪ ಸಹಿಸಿಕೊಳ್ಳಿ.

ನಾನು ಬೆಳೆದದ್ದು ಮೈಸೂರಿನಲ್ಲಿ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ನಮ್ಮ ಮನೆಯಲ್ಲಿ ಕಾಗದ ಬಿಸಾಡುವುದೆಂದರೆ ಅನ್ನ ಬಿಸಾಡಿದ ಹಾಗೆ. ದಿನಸಿ ಕಟ್ಟಿಕೊಟ್ಟ ಕಾಗದ ಪುಸ್ತಕದ ಹೊದಿಕೆಯಾಗುತ್ತಿತ್ತು, ಮದುವೆ ಕರೆಯೋಲೆಯ ಖಾಲಿ ಬೆನ್ನು ಸಾಮಾನಿನ ಪಟ್ಟಿಯಾಗುತ್ತಿತ್ತು. ಅಪ್ಪ ತಿದ್ದಿ ಮುಗಿಸಿ, ವರ್ಷ ಕಳೆದು ಬೇಡವಾದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಅಮ್ಮನ ವಶಕ್ಕೆ ಬರುತ್ತಿದ್ದವು. ಕರಿದ ತಿಂಡಿಯ ಎಣ್ಣೆ ಹೀರಲು ಅವಕ್ಕಿಂತ ಒಳ್ಳೆಯದಿಲ್ಲ ಎಂದು ಅಮ್ಮನ ಅಭಿಪ್ರಾಯ. ಬೋಂಡ ಎತ್ತಿದರೆ ಕೆಳಗೆ ಯಾರದೋ ಬೀಜಗಣಿತ. ಇಪ್ಪತ್ತೈದಕ್ಕೆ ಮೂರು ಎಂದು ಅಪ್ಪ ಕೆಂಪು ಶಾಯಿಯಲ್ಲಿ ಬರೆದದ್ದು ಎಣ್ಣೆಯಲ್ಲಿ ಇನ್ನಷ್ಟು ಹೊಳೆಯುತ್ತಿತ್ತು. ನಮ್ಮ ಬೀದಿಯಲ್ಲಿ ತುಂಬ ಜಂಬದ ಹುಡುಗನೊಬ್ಬನಿದ್ದ. ಅವನ ಅಂಕ ನನಗೆ ಮೆಣಸಿನಕಾಯಿ ಬಜ್ಜಿಯ ಅಡಿಯಲ್ಲಿ ಸಿಕ್ಕಿದ ಮೇಲೆ ನನ್ನೆದುರು ಅವನ ಜಂಬ ನಡೆಯಲಿಲ್ಲ.

ಅಪ್ಪನಿಗೆ ಇದ್ದ ಒಂದೇ ಚಟ ಕ್ರಿಕೆಟ್ ಕಾಮೆಂಟರಿ. ಟೆಸ್ಟ್ ಪಂದ್ಯ ಶುರುವಾದರೆ ಟ್ರಾನ್ಸಿಸ್ಟರಿನ ಮುಂದೆ ಕೂತು, ಅದೇ ಉತ್ತರಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಅಡಿಕೋಲಿಟ್ಟು ಗೆರೆ ಹಾಕಿ, ಒಂದೊಂದು ಚೆಂಡಿಗೂ ಒಂದೊಂದು ಗುರುತು ಬರೆಯುತ್ತಿದ್ದರು. ಜೊತೆಯಾಟ ಕುದುರಿತೆಂದರೆ ಮನೆಯಲ್ಲಿ ಯಾರು ಎಲ್ಲಿದ್ದಾರೋ ಅಲ್ಲೇ ಇರಬೇಕು. ಒಂದು ಸಲ ಅಮ್ಮ ನನಗೆ ಒಂದು ಜಡೆ ಹೆಣೆದು ಇನ್ನೊಂದಕ್ಕೆ ಕೈ ಹಾಕುವ ಹೊತ್ತಿಗೆ ಯಾರೋ ಇಬ್ಬರು ಬೇರು ಬಿಟ್ಟು ನಿಂತರು. ಊಟದ ವಿರಾಮದವರೆಗೂ ನಾನು ಒಂಟಿ ಜಡೆಯಲ್ಲಿ, ಬಾಚಣಿಗೆ ತಲೆಗೇ ಸಿಕ್ಕಿಸಿಕೊಂಡು ಕೂತಿದ್ದೆ. ಆ ಜೊತೆಯಾಟದಲ್ಲಿ ನನ್ನದೂ ಒಂದು ಪಾಲಿದೆ ಎಂದು ಇವತ್ತಿಗೂ ನಂಬಿದ್ದೇನೆ.

ಅಂಥದೇ ಒಂದು ಟೆಸ್ಟಿನ ಹಾಳೆಗಳನ್ನು ಅಮ್ಮ ಅಂಬೊಡೆಯ ಕೆಳಗೆ ಹಾಸಿಬಿಟ್ಟಳು. ಐದು ದಿನದ ಕೆಲಸ. ಅಪ್ಪ ಕೂಗಾಡುವ ಪೈಕಿ ಅಲ್ಲ. ಒಂದು ಅಂಬೊಡೆ ಎತ್ತಿ ನೋಡಿದರು, ಎಲ್ಲಿತ್ತೋ ಅಲ್ಲೇ ಇಟ್ಟರು, ಕೈ ತೊಳೆದು ಎದ್ದುಹೋದರು. "ಎಣ್ಣೆ ಹೀರೋಕೆ ಏನಾದ್ರೂ ಬೇಕಲ್ಲ. ಆಟ ಮುಗಿದ ಮೇಲೆ ಆ ಹಾಳೆಗೇನು ಕೆಲಸ?" ಎಂದಳು ಅಮ್ಮ. ಒಂಬತ್ತು ವರ್ಷದ ನಾನು ಅಪ್ಪನ ಪಕ್ಷ ವಹಿಸಿ ಎರಡು ದಿನ ಅಮ್ಮನ ಹತ್ತಿರ ಮಾತು ಬಿಟ್ಟೆ. ಇಂಥ ಕೆಲಸವನ್ನು ನಾನಂತೂ ಯಾವ ಜನ್ಮದಲ್ಲೂ ಮಾಡುವುದಿಲ್ಲ ಎಂದುಕೊಂಡಿದ್ದೆ. ಈ ಮಾತು ನೆನಪಿಟ್ಟುಕೊಳ್ಳಿ.

ಈಗ ಕೆನ್ಮೋರಿಗೆ ಬರೋಣ. ಮೊದಲು ನಾವು ಕ್ರಾಸ್‌ರೋಡ್ಸ್ ಎಂಬ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಗೋಡೆಯಾಚೆ ತಮಿಳು, ಮೇಲೆ ತೆಲುಗು, ಕೆಳಗೆ ಹಿಂದಿ. ಕರಿಬೇವು ಮುಗಿದರೆ ಯಾವ ಬಾಗಿಲು ತಟ್ಟಿದರೂ ಸಿಗುತ್ತಿತ್ತು. ಮಗಳು ಅನಘಾ ಶಾಲೆಗೆ ಸೇರುವ ಹೊತ್ತಿಗೆ ಕೆನ್ಮೋರಿನಲ್ಲಿ ಈ ಮನೆ ತೆಗೆದುಕೊಂಡೆವು. ಸರೋವರ ಹತ್ತಿರ, ನೀರಿನಿಂದಲೇ ಏಳುವ ಪುಟ್ಟ ವಿಮಾನಗಳು ದಿನಕ್ಕೆ ಹತ್ತು ಸಲ ತಲೆಯ ಮೇಲೆ ಹೋಗುತ್ತವೆ. ಬೇಲಿಯಾಚೆ ಕರಿಬೇವಿನವರು ಯಾರೂ ಇರಲಿಲ್ಲ. ಹ್ಯಾರಲ್ಡ್ ಇದ್ದ. ಸಿಟಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತನಾದವನು. ಹೆಂಡತಿ ಡೋರಿಸ್ ನಾವು ಬರುವ ಮೊದಲೇ ತೀರಿಕೊಂಡಿದ್ದಳು. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡಿ. ಅವನು ಹೇಳಿದ್ದೆಲ್ಲ ಇಂಗ್ಲಿಷಿನಲ್ಲೇ, ಆದರೆ ನನ್ನ ನೆನಪಿನಲ್ಲಿ ಅದು ಕನ್ನಡವಾಗಿ, ಏಕವಚನದಲ್ಲೇ ಕೂತುಬಿಟ್ಟಿದೆ.

ನಾವು ಬಂದ ವಾರವೇ ಹ್ಯಾರಲ್ಡ್ ಬೇಲಿಯ ಮೇಲಿನಿಂದ ಒಂದು ಬುಟ್ಟಿ ಪ್ಲಮ್ ಹಣ್ಣು ಕೊಟ್ಟ. ಬುಟ್ಟಿ ಖಾಲಿ ಹೇಗೆ ಕೊಡುವುದು? ಕೊಡಬಳೆ ಮಾಡಿ ಹಾಕಿ ಕೊಟ್ಟೆ. ಮುಂದೊಂದು ಸಲ ಚಿತ್ರಾನ್ನ ಕೊಟ್ಟಾಗ ಅಮ್ಮನ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟೆ. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಮ್ಮನ ಹೆಸರು, ಕಮಲಮ್ಮ. ಮಾರನೆಯ ದಿನ ಹ್ಯಾರಲ್ಡ್ ಡಬ್ಬಿಯನ್ನು ಫಳಫಳ ತೊಳೆದು ತಂದ. ನಾನು ನಗುತ್ತಾ, "ನಮ್ಮ ಕಡೆ ಪಾತ್ರೆ ಖಾಲಿ ವಾಪಸ್ ಕೊಡಬಾರದು ಹ್ಯಾರಲ್ಡ್, ಒಳಗೆ ಏನಾದ್ರೂ ಇರಲೇಬೇಕು" ಎಂದೆ. ತಮಾಷೆಗೆ ಹೇಳಿದ್ದು. ಅವನು ಡಬ್ಬಿಯನ್ನು ನನ್ನ ಕೈಯಿಂದ ಹಿಂದಕ್ಕೆ ತೆಗೆದುಕೊಂಡು, ಮನೆಯೊಳಗೆ ಹೋಗಿ, ಟಾರ್ಚಿಗೆ ಹಾಕುವ ಎರಡು ಹೊಸ ಬ್ಯಾಟರಿ ಹಾಕಿ ತಂದ.

ಅಲ್ಲಿಂದ ಶುರುವಾಯಿತು. ನಾನು ತಿಂಡಿ ಕಳಿಸುವುದು, ಅವನು ತುಂಬಿಸಿ ಕಳಿಸುವುದು. ಬೇಸಿಗೆಯಲ್ಲಿ ಪ್ಲಮ್ಮು, ಟೊಮೇಟೊ. ಬೇರೆ ಕಾಲದಲ್ಲಿ ಬಟಾಣಿ ಬೀಜದ ಪೊಟ್ಟಣ, ಮೊಳೆ, ಒಂದು ಸಲ ನಮ್ಮ ನಲ್ಲಿಗೆ ಸರಿಹೊಂದುವ ವಾಷರ್. ನಲ್ಲಿ ತೊಟ್ಟಿಕ್ಕುವ ಸದ್ದು ಅವನಿಗೆ ಬೇಲಿಯಾಚೆ ಹೇಗೆ ಕೇಳಿಸಿತೋ ಗೊತ್ತಿಲ್ಲ. ನಾನು ಡಬ್ಬಿ ಹಿಡಿದು ಹೋದರೆ ಬಾಗಿಲು ತೆರೆದು, "ಕಮಲಾ ಬಂದಳಾ? ಬಾ" ಎನ್ನುತ್ತಿದ್ದ. ನನ್ನ ಹೆಸರು ಸುಧಾ ಎಂದು ಅವನಿಗೆ ಗೊತ್ತಿತ್ತು. ಕಮಲಾ ಎಂದರೆ ಡಬ್ಬಿ.

ಒಂದು ಏಪ್ರಿಲಿನ ಸಂಜೆ ಹ್ಯಾರಲ್ಡ್ ಹಿತ್ತಿಲಿನಲ್ಲಿ ರೇಡಿಯೋ ಹಾಕಿಕೊಂಡು ಬೇಸ್‌ಬಾಲ್ ಕೇಳುತ್ತಾ ಹುಲ್ಲು ಕತ್ತರಿಸುತ್ತಿದ್ದ. ರೇಡಿಯೋದಲ್ಲಿ ಆಟ ಕೇಳುವವರನ್ನು ಕಂಡು ಎಷ್ಟೋ ಕಾಲವಾಗಿತ್ತು. ಬೇಲಿಗೆ ಆತುಕೊಂಡು ಅಪ್ಪನ ಕಥೆಯೆಲ್ಲ ಹೇಳಿದೆ. ಟ್ರಾನ್ಸಿಸ್ಟರು, ಅಡಿಕೋಲು, ಒಂಟಿ ಜಡೆ, ಏನೂ ಬಿಡಲಿಲ್ಲ. ಅಂಬೊಡೆಯ ಕಥೆ ಮಾತ್ರ ಹೇಳಲಿಲ್ಲ. ಹೊರಗಿನವರ ಮುಂದೆ ಅಮ್ಮನನ್ನು ಯಾಕೆ ಬಿಟ್ಟುಕೊಡುವುದು ಎಂದು. ಹ್ಯಾರಲ್ಡ್ ಯಂತ್ರ ನಿಲ್ಲಿಸಿ ಕೇಳಿದ. "ಒಂದೊಂದು ಚೆಂಡೂ ಬರೀತಿದ್ರಾ ನಿಮ್ಮಪ್ಪ?" ಎಂದ. "ಒಂದೊಂದೂ" ಎಂದೆ. ಅವನು "ಅಂಥ ಮನೆಯವಳು ನೀನು" ಎಂದು ತಲೆದೂಗಿದ.

ಆಮೇಲಿನ ಸಲ ಡಬ್ಬಿ ಬಂದಾಗ ಒಳಗೆ ಮೂಲಂಗಿ ಇತ್ತು, ಮೂಲಂಗಿಯ ಅಡಿಯಲ್ಲಿ ಮಡಿಸಿದ ಒಂದು ಹಾಳೆ. ದಪ್ಪನೆಯ, ಹಳದಿಗಟ್ಟಿದ ಹಾಳೆ, ಎರಡೂ ಬದಿಗೆ ಚೌಕ ಚೌಕವಾಗಿ ಗೆರೆ, ಪ್ರತಿ ಚೌಕದಲ್ಲೂ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಅಂಕಿ. ಬಸ್ಸಿನ ಡ್ರೈವರ್ ಅಲ್ಲವೇ, ಹಳೆಯ ಡ್ಯೂಟಿ ಚಾರ್ಟು ಇರಬೇಕು, ಮೂಲಂಗಿಯ ನೀರು ಹೀರಲೆಂದು ಹಾಸಿದ್ದಾನೆ ಎಂದುಕೊಂಡೆ. ಅದರ ಮುಂದಿನ ಸಲ ಟೊಮೇಟೊ ಅಡಿಯಲ್ಲಿ ಇನ್ನೊಂದು. ಚಳಿಗಾಲ ಬಂದು ತೋಟ ಖಾಲಿಯಾದ ಮೇಲೆ ಬರೀ ಹಾಳೆ. ಪಾಪ, ಮನೆಯಲ್ಲಿ ಕೊಡಲು ಏನೂ ಇಲ್ಲ, ನನ್ನ ನಿಯಮ ಮುರಿಯಬಾರದೆಂದು ರದ್ದಿ ಕಾಗದವಾದರೂ ಹಾಕಿ ಕೊಡುತ್ತಿದ್ದಾನೆ ಎಂದು ನನಗೆ ಅಯ್ಯೋ ಅನ್ನಿಸಿತು. ಎಂಥ ಮನುಷ್ಯ ನೋಡಿ ಎಂದು ನಮ್ಮವರ ಹತ್ತಿರ ಹೊಗಳಿದ್ದೂ ಉಂಟು.

"ನೋಡಿದೆಯಾ?" ಎಂದು ಕೇಳುತ್ತಿದ್ದ ಹ್ಯಾರಲ್ಡ್, ಬೇಲಿಯ ಹತ್ತಿರ ಸಿಕ್ಕಾಗ. "ನೋಡಿದೆ, ತುಂಬಾ ಚೆನ್ನಾಗಿತ್ತು" ಎನ್ನುತ್ತಿದ್ದೆ ನಾನು. ನಾವು ಮೈಸೂರಿನವರು ಹಾಗೆಯೇ. ಯಾರು ಏನು ಕೊಟ್ಟರೂ, ಏನು ಕೇಳಿದರೂ ಮೊದಲು ಚೆನ್ನಾಗಿತ್ತು ಅಂದುಬಿಡುತ್ತೇವೆ, ಆಮೇಲೆ ಒಳಗೆ ಹೋಗಿ ಏನೆಂದು ನೋಡುತ್ತೇವೆ. ಕೆಲವು ಸಲ ನೋಡುವುದೂ ಇಲ್ಲ. ನಾನು ಚೆನ್ನಾಗಿತ್ತು ಅಂದಾಗಲೆಲ್ಲ ಅವನ ಮುಖ ಅರಳುತ್ತಿತ್ತು. ಮುಂದಿನ ವಾರ ಇನ್ನೊಂದು ಹಾಳೆ ಬರುತ್ತಿತ್ತು. ಒಂದೇ ಒಂದು ಸಲ "ಇದೇನು ಹ್ಯಾರಲ್ಡ್?" ಎಂದು ಕೇಳಿದ್ದರೆ ಈ ಪ್ರಬಂಧ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಹಾಳೆಗಳನ್ನು ಏನು ಮಾಡಿದೆ ಎಂದು ನೀವು ಈಗಾಗಲೇ ಊಹಿಸಿದ್ದೀರಿ. ಎಣ್ಣೆ ಹೀರಲು ಅವಕ್ಕಿಂತ ಒಳ್ಳೆಯದಿರಲಿಲ್ಲ. ಇಲ್ಲಿ ಸಿಗುವ ಪೇಪರ್ ಟವಲ್ ಎಣ್ಣೆ ತಾಗಿದ ಕೂಡಲೆ ಒದ್ದೆ ಬಟ್ಟೆಯ ಹಾಗೆ ತಿಂಡಿಗೇ ಅಂಟಿಕೊಳ್ಳುತ್ತದೆ. ಆ ಹಳೆಯ ಹಾಳೆಯಾದರೆ ಗಟ್ಟಿ, ಅಮ್ಮನ ಉತ್ತರಪತ್ರಿಕೆಯಷ್ಟೇ ಗಟ್ಟಿ. ಅದರ ಮೇಲೆ ಚಕ್ಕುಲಿ ಹರಡಿದಾಗ ನನಗೆ ತವರುಮನೆಯ ಅಡುಗೆಮನೆಯಲ್ಲೇ ನಿಂತಷ್ಟು ಖುಷಿಯಾಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಎಣ್ಣೆ ಕುಡಿದ ಹಾಳೆಯನ್ನು ತೋಟದ ಕಸ ಹಾಕುವ ತೊಟ್ಟಿಗೆ ಹಾಕಬಹುದು, ಇಲ್ಲಿಯವರು ಅದನ್ನು ಗೊಬ್ಬರ ಮಾಡುತ್ತಾರೆ. ಹೀಗೆ ಒಂದು ಊರಿನ ತಂಡದ ಮೊದಲ ಬೇಸಿಗೆ, ಪೂರ್ತಿ ಅಲ್ಲದಿದ್ದರೂ ಬಹುಪಾಲು, ನನ್ನ ಕೈಯಿಂದಲೇ ಯಾರದೋ ಗುಲಾಬಿ ಗಿಡದ ಬುಡಕ್ಕೆ ಹೋಯಿತು.

ಮೂರು ವರ್ಷದ ಹಿಂದಿನ ಗೋಕುಲಾಷ್ಟಮಿ. ಬಗೆಬಗೆಯ ತಿಂಡಿ ಮಾಡುವ ಹುರುಪು ನನಗೆ ವರ್ಷಕ್ಕೊಮ್ಮೆ ಬರುವುದು ಆ ಹಬ್ಬಕ್ಕೇ. ಬೆಳಗ್ಗೆಯಿಂದ ನಿಂತು ಸೊಂಟ ಹೋಗಿತ್ತು. ಹ್ಯಾರಲ್ಡ್‌ಗೆ ಬಿಸಿಬಿಸಿ ಚಕ್ಕುಲಿ ಕೊಡಬೇಕೆಂಬ ಆತುರದಲ್ಲಿ, ಅರ್ಧ ಎಣ್ಣೆ ಹೀರಿದ್ದ ಹಾಳೆಯ ಸಮೇತ ಎತ್ತಿ ಡಬ್ಬಿಗೆ ಹಾಕಿ, ಅನಘಾಳ ಕೈಯಲ್ಲಿ ಕಳಿಸಿದೆ.

ವಾರ ಕಳೆದು ಡಬ್ಬಿ ನಮ್ಮ ಬಾಗಿಲ ಬಳಿ ಮೆಟ್ಟಿಲ ಮೇಲೆ ಕೂತಿತ್ತು. ಬೆಲ್ ಮಾಡಿರಲಿಲ್ಲ. ತೆಗೆದು ನೋಡಿದೆ, ಖಾಲಿ. ಅಷ್ಟು ವರ್ಷದಲ್ಲಿ ಮೊದಲ ಸಲ. ನನಗೆ ಏನು ಅನ್ನಿಸಿತು ಗೊತ್ತೇ? ಕೋಪ ಬಂತು. "ನೋಡಿದ್ರಾ, ಎಷ್ಟಾದ್ರೂ ಹೊರಗಿನವರು. ನಾಲ್ಕು ದಿನ ನಮ್ಮ ಪದ್ಧತಿ ಆಟ ಆಡ್ತಾರೆ, ಆಮೇಲೆ ಬೇಜಾರಾಗುತ್ತೆ" ಎಂದು ನಮ್ಮವರ ಹತ್ತಿರ ಹೇಳಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಮರೆತಿರಬೇಕು ಬಿಡು, ವಯಸ್ಸಾಯ್ತು" ಎಂದರು. ನಾನು ಬಿಡಲಿಲ್ಲ. ಗಣೇಶನ ಹಬ್ಬಕ್ಕೆ ಅವನಿಗೆ ಕಡುಬು ಕಳಿಸಬಾರದೆಂದು ತೀರ್ಮಾನ ಮಾಡಿದೆ. ನನ್ನ ವಯಸ್ಸು ಆಗ ಐವತ್ತೈದು, ಬುದ್ಧಿ ಒಂಬತ್ತು.

ಗಣೇಶನ ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಿಪ್ಪಟ್ಟು ಕರಿಯುತ್ತಿದ್ದೆ. ಕೆಳಗಿನ ಕಪಾಟಿನಲ್ಲಿ ಹಳೆಯ ಪೇಪರಿನ ನಡುವೆ ಒಂದು ಹಾಳೆ ಉಳಿದಿತ್ತು. ಹಾಸಿ ಮೊದಲ ನಿಪ್ಪಟ್ಟು ಅದರ ಮೇಲಿಟ್ಟೆ. ಅನಘಾ ಕಾಲೇಜಿಗೆ ವಾಪಸು ಹೊರಡುವವಳು, ಬಟ್ಟೆ ಮಡಿಸುತ್ತಾ ಅಡುಗೆಮನೆಗೆ ಬಂದು ನಿಪ್ಪಟ್ಟಿಗೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು.

"ಅಮ್ಮಾ, ವಾಟ್ ಈಸ್ ದಿಸ್?"

"ನಿಪ್ಪಟ್ಟು ಕಣೇ. ಬಿಸಿ ಇದೆ."

"ನೋ, ದ ಪೇಪರ್. ದಿಸ್ ಈಸ್ ಎ ಸ್ಕೋರ್‌ಶೀಟ್. ಬೇಸ್‌ಬಾಲ್." ಅವಳು ಹೈಸ್ಕೂಲಿನಲ್ಲಿ ಸಾಫ್ಟ್‌ಬಾಲ್ ತಂಡಕ್ಕೆ ಸ್ಕೋರ್ ಬರೆಯುತ್ತಿದ್ದಳು, ಆಡಲು ಬರುತ್ತಿರಲಿಲ್ಲ, ಬರೆಯಲು ಬರುತ್ತಿತ್ತು, ತಾತನ ಮೊಮ್ಮಗಳು. ಹಾಳೆ ಎಳೆದುಕೊಂಡು ಮೇಲಿನ ತಾರೀಖು ಓದಿದಳು. "ಓ ಮೈ ಗಾಡ್, ದಿಸ್ ಈಸ್ ದೇರ್ ಫಸ್ಟ್ ಸೀಸನ್. ಸಮ್‌ವನ್ ಡಿಡ್ ದಿಸ್ ಬೈ ಹ್ಯಾಂಡ್. ವೇರ್ ಡಿಡ್ ಯು ಗೆಟ್ ಇಟ್?"

ಹೇಳಿದೆ. "ಹೌ ಮೆನಿ ಡಿಡ್ ಹೀ ಗಿವ್ ಯು?" ಎಂದಳು. ಎಣ್ಣೆ ಹೊಗೆಯಾಡುತ್ತಿತ್ತು, ಒಲೆ ಆರಿಸಿದೆ. ಹಾಳೆಯ ಕೆಳಗಿನ ಅಂಚಿನಲ್ಲಿ ಪುಟ್ಟ ಅಕ್ಷರದಲ್ಲಿ ಡೋರಿಸ್ ಎಂದು ಬರೆದಿತ್ತು. ಆ ಹೆಸರನ್ನು ಅಷ್ಟು ಹಾಳೆಗಳಲ್ಲಿ ಒಂದು ಸಲವೂ ನಾನು ನೋಡಿರಲಿಲ್ಲ. ನೋಡಿದೆ, ತುಂಬಾ ಚೆನ್ನಾಗಿತ್ತು ಅಂತ ಮಾತ್ರ ಹೇಳಿದ್ದೆ.

ತಕ್ಷಣ ಬೇಲಿ ದಾಟಿ ಹೋಗಬೇಕಿತ್ತು. ಹೋಗಲಿಲ್ಲ. ಏನೆಂದು ಹೇಳುವುದು? ನಾಳೆ ಹೋದರಾಯಿತು, ಹಬ್ಬ ಮುಗಿಯಲಿ, ಅನಘಾಳನ್ನು ಕಾಲೇಜಿಗೆ ಬಿಟ್ಟು ಬರೋಣ, ಶಾಲೆಯ ಕೆಲಸದ ಗಲಾಟೆ ಕಡಿಮೆಯಾಗಲಿ. ಇಲ್ಲಿನ ಶಾಲೆಯೊಂದರ ಊಟದ ಕೋಣೆಯಲ್ಲಿ ಮಕ್ಕಳ ಮೇಲೆ ಕಣ್ಣಿಡುವುದು ನನ್ನ ಕೆಲಸ. ಹಾಲು ಚೆಲ್ಲಿದ ಮಗುವಿಗೆ "ಹೋಗಿ ಸಾರಿ ಕೇಳು" ಎಂದು ದಿನಕ್ಕೆ ನಾಲ್ಕು ಸಲ ಹೇಳುವವಳು ನಾನು. ಅಕ್ಟೋಬರ್ ಕೊನೆಗೆ ಹ್ಯಾರಲ್ಡ್‌ನ ಮನೆಯ ಮುಂದೆ ಟ್ರಕ್ ಬಂದು ನಿಂತಿತು. ಅವನಿಗೆ ಉಸಿರಾಟದ ತೊಂದರೆ ಹೆಚ್ಚಾಗಿ, ಮಗಳು ಲಿಂಡಾ ಪಕ್ಕದ ಊರಾದ ಶೋರ್‌ಲೈನಿನ ತನ್ನ ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ನಾನು ಅಡುಗೆಮನೆಯ ಪರದೆಯ ಹಿಂದೆ ನಿಂತು ನೋಡಿದೆ. ಕಾರು ಹತ್ತುವ ಮುಂಚೆ ಅವನು ನಮ್ಮ ಮನೆಯ ಕಡೆ ಒಮ್ಮೆ ತಿರುಗಿದ. ನಾನು ಪರದೆ ಬಿಟ್ಟು ಹಿಂದೆ ಸರಿದೆ. ಇಷ್ಟೆಲ್ಲದರಲ್ಲಿ ನನಗೆ ಹೆಚ್ಚು ನೋವು ಕೊಡುವುದು ಹಾಳೆಗಳಲ್ಲ, ಆ ಒಂದು ಹೆಜ್ಜೆ.

ಆ ಚಳಿಗಾಲ ಅನಘಾ ಫೋನಿನಲ್ಲೇ ನನಗೆ ಹಾಳೆ ಓದುವುದನ್ನು ಕಲಿಸಿದಳು. ಒಬ್ಬೊಬ್ಬ ಆಟಗಾರನಿಗೆ ಒಂದು ಸಾಲು, ಒಂದೊಂದು ಇನ್ನಿಂಗ್ಸಿಗೆ ಒಂದು ಉದ್ದ ಕಂಬ. ಮೈದಾನದಲ್ಲಿ ನಿಂತವರಿಗೆಲ್ಲ ಒಂದೊಂದು ನಂಬರು; ಆರು ಗೆರೆ ಮೂರು ಎಂದು ಬರೆದಿದ್ದರೆ ಆರನೆಯವನು ಹಿಡಿದು ಮೂರನೆಯವನಿಗೆ ಎಸೆದ, ಔಟ್. ಬ್ಯಾಟ್ ಬೀಸಿಯೂ ಚೆಂಡು ತಾಗದೆ ಔಟಾದರೆ ಇಂಗ್ಲಿಷಿನ ಕೆ ಅಕ್ಷರ. ಚೆಂಡು ಬಂದದ್ದನ್ನು ಬೀಸದೆ ನಿಂತು ನೋಡುತ್ತಲೇ ಔಟಾದರೆ ಅದೇ ಕೆ, ಆದರೆ ತಿರುಗುಮುರುಗು. ಅನಘಾ ಇದನ್ನು ವಿವರಿಸುವಾಗ ನನಗೆ ಪರದೆಯ ಹಿಂದೆ ನಿಂತದ್ದು ನೆನಪಾಯಿತು. "ಅಮ್ಮಾ, ಆರ್ ಯು ದೇರ್?" ಎಂದಳು. "ಇದೀನಿ, ಹೇಳು" ಎಂದೆ.

ಜನವರಿಯಲ್ಲಿ ಒಂದು ಶನಿವಾರ ಬೆಳಗ್ಗೆ ಕೊಡಬಳೆ ಮಾಡಿ, ಡಬ್ಬಿಗೆ ತುಂಬಿ, ಹಾಳೆಯನ್ನು ಬೇರೆ ಚೀಲದಲ್ಲಿಟ್ಟುಕೊಂಡು ಶೋರ್‌ಲೈನಿಗೆ ಡ್ರೈವ್ ಮಾಡಿದೆ. ಹತ್ತು ಹದಿನೈದು ನಿಮಿಷದ ದಾರಿ. ಅಷ್ಟು ದಾರಿಗೆ ನಾಲ್ಕು ತಿಂಗಳು ತೆಗೆದುಕೊಂಡಿದ್ದೆ. ಲಿಂಡಾ ಬಾಗಿಲು ತೆರೆದಳು. ಹ್ಯಾರಲ್ಡ್ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ, ಮೂಗಿಗೆ ಆಮ್ಲಜನಕದ ಕೊಳವೆ. ಡಬ್ಬಿ ನೋಡಿ, "ಕಮಲಾ ಬಂದಳಾ?" ಎಂದ. ಧ್ವನಿ ಅರ್ಧಕ್ಕೆ ಇಳಿದಿತ್ತು.

ಕೂರುವ ಮೊದಲೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲವೆಂದು ಭಯ. "ಹ್ಯಾರಲ್ಡ್, ನೀನು ಕೊಟ್ಟ ಹಾಳೆಗಳು ಏನು ಅಂತ ನಾನು ನೋಡ್ಲೇ ಇಲ್ಲ. ರದ್ದಿ ಅಂದ್ಕೊಂಡೆ. ಕರಿದ ತಿಂಡಿ ಹಾಕೋಕೆ ಉಪಯೋಗಿಸಿಬಿಟ್ಟೆ. ಇದೊಂದು ಬಿಟ್ಟು ಯಾವುದೂ ಇಲ್ಲ."

"ಗೊತ್ತು" ಎಂದ. "ಚಕ್ಕುಲಿ ತೆಗೆದರೆ ಕೆಳಗೆ ಡೋರಿಸ್‌ಳ ಕೈಬರಹ ಇತ್ತು."

"ನಿನಗೆ ಕೋಪ ಬರಲಿಲ್ವಾ?"

"ಬಂತು. ತುಂಬಾ ಬಂತು. ಒಂದು ವಾರ ಇತ್ತು." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ಆಮೇಲೆ ಹೋಯ್ತು. ಆದರೆ ಖಾಲಿ ಡಬ್ಬಿ ಕಳಿಸಿಬಿಟ್ಟಿದ್ದೆನಲ್ಲ, ನಿನಗೆ ಹೇಗೆ ಮುಖ ತೋರಿಸೋದು ಅಂತ ಗೊತ್ತಾಗಲಿಲ್ಲ."

ನನಗೆ ಅಳು ಬಂತು. ಅವನು ನನ್ನನ್ನು ಅಳಲು ಬಿಟ್ಟು, ಕೊಡಬಳೆ ಒಂದು ತೆಗೆದು ಕಚ್ಚಿ, ನಿಧಾನವಾಗಿ ಆ ಬೇಸಿಗೆಯ ಕಥೆ ಹೇಳಿದ. ಆಗಷ್ಟೇ ಅವರ ಮದುವೆಯಾಗಿತ್ತು. ಅವನಿಗೆ ಸಂಜೆಯ ಪಾಳಿ, ಆಟಗಳೂ ಹೆಚ್ಚಾಗಿ ಸಂಜೆಗೇ. ಬಸ್ಸಿನಲ್ಲಿ ರೇಡಿಯೋ ಇಲ್ಲ. ಊರಿಗೆ ಮೊದಲ ಸಲ ತಂಡ ಬಂದಿದೆ, ಇವನು ಒಂದು ಆಟವನ್ನೂ ಕೇಳುವ ಹಾಗಿಲ್ಲ. ಡೋರಿಸ್‌ಗೆ ಬೇಸ್‌ಬಾಲಿನ ಗಂಧ ಗಾಳಿ ಇರಲಿಲ್ಲ. ಒಂದು ಸ್ಕೋರ್‌ಬುಕ್ ಕೊಂಡುತಂದು, ರೇಡಿಯೋ ಮುಂದೆ ಕೂತು, ತಾನೇ ಕಲಿತು ಬರೆದಳು. ಅವನು ಮನೆಗೆ ಬಂದು ಊಟಕ್ಕೆ ಕೂತಾಗ ಆ ಹಾಳೆ ಹಿಡಿದು, ಮೊದಲ ಚೆಂಡಿನಿಂದ ಕೊನೆಯವರೆಗೆ ಆಟವನ್ನು ಹೇಳುತ್ತಿದ್ದಳು. ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಸೋತಿದ್ದನ್ನು ಮಾತ್ರ ಕೊನೆಯವರೆಗೂ ಬಾಯಿ ಬಿಡುತ್ತಿರಲಿಲ್ಲವಂತೆ.

"ನನ್ನ ಹತ್ತಿರ ಇದ್ದು ಏನು ಮಾಡಬೇಕಿತ್ತು? ಲಿಂಡಾಗೆ ಬೇಸ್‌ಬಾಲ್ ಆಗಲ್ಲ" ಎಂದ. "ನಿಮ್ಮಪ್ಪ ಬರೀತಿದ್ರು ಅಂದೆಯಲ್ಲ. ಓದೋಕೆ ಗೊತ್ತಿರೋಳು ಅಂದುಕೊಂಡೆ."

ಇದಕ್ಕಿಂತ ಕಠಿಣವಾದ ಮಾತನ್ನು ಯಾರೂ ನನಗೆ ಹೇಳಿಲ್ಲ. ಅವನು ಪ್ರೀತಿಯಿಂದಲೇ ಹೇಳಿದ್ದು.

ನಾನು ಚೀಲದಿಂದ ಹಾಳೆ ತೆಗೆದೆ. "ಈಗ ಗೊತ್ತು. ಓದ್ಲಾ?" ಎಂದೆ. ಅವನು ಕುರ್ಚಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡ.

ಓದಿದೆ. ಮೊದಲನೆಯವನು ಆರರಿಂದ ಮೂರಕ್ಕೆ ಔಟ್, ಎರಡನೆಯವನು ತಿರುಗುಮುರುಗು ಕೆ, ಮೂರನೆಯವನು ಎರಡು ಬೇಸ್ ಓಡಿದ. ನನ್ನ ಮೈಸೂರು ಇಂಗ್ಲಿಷಿನಲ್ಲಿ ಆಟಗಾರರ ಹೆಸರುಗಳೆಲ್ಲ ಏನೇನೋ ಆದವು. ಅವನು ಎರಡು ಸಲ ತಿದ್ದಿದ, ಆಮೇಲೆ ಬಿಟ್ಟುಬಿಟ್ಟ. ಐದನೆಯ ಇನ್ನಿಂಗ್ಸಿನಿಂದ ನಿಪ್ಪಟ್ಟಿನ ಕಲೆ ಶುರು. ಹಿಂಬದಿಯ ಅಂಕಿಗಳು ತಿರುಗುಮುರುಗಾಗಿ ಮುಂದಕ್ಕೆ ಬಂದು ಸೇರಿಕೊಂಡಿದ್ದವು. ಬೆರಳಿಟ್ಟು ಒಂದೊಂದೇ ಬಿಡಿಸಿಕೊಂಡು ಓದಿದೆ. ಆರನೆಯದರಲ್ಲಿ ಒಂದು ಚೌಕ ಪೂರ್ತಿ ಖಾಲಿ. ಕಿಟಕಿಯ ಬೆಳಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಏನೂ ಇಲ್ಲ.

"ಹ್ಯಾರಲ್ಡ್, ಇಲ್ಲಿ ಒಂದು ಹೋಗಿಬಿಟ್ಟಿದೆ" ಎಂದೆ. "ಎಣ್ಣೆಗೆ ಅಳಿಸಿಹೋಗಿದೆ ಅಂತ ಕಾಣುತ್ತೆ. ಏನು ಬರೆದಿದ್ದಳೋ."

ಅವನು ಕಣ್ಣು ತೆರೆದ. "ಎಷ್ಟನೇ ಇನ್ನಿಂಗ್ಸು?"

"ಆರನೆಯದು."

"ಅದು ಎಣ್ಣೆ ಅಲ್ಲ" ಎಂದ. "ಅದು ನಾನು."

ಪಾಳಿಯ ನಡುವೆ ಬಸ್ಸು ಡಿಪೋದಲ್ಲಿ ಐದು ನಿಮಿಷ ನಿಲ್ಲುತ್ತಿತ್ತಂತೆ. ಅಲ್ಲಿನ ಕಾಸು ಹಾಕುವ ಫೋನಿನಿಂದ ಅವನು ಮನೆಗೆ ಫೋನ್ ಮಾಡಿ ಸ್ಕೋರ್ ಎಷ್ಟಾಯಿತು ಎಂದು ಕೇಳುತ್ತಿದ್ದ. ಡೋರಿಸ್ ಪೆನ್ಸಿಲ್ ಕೆಳಗಿಟ್ಟು ಫೋನಿಗೆ ಓಡುತ್ತಿದ್ದಳು. ಅವಳು ವಾಪಸು ಬರುವಷ್ಟರಲ್ಲಿ ಒಬ್ಬನ ಸರದಿ ಮುಗಿದಿರುತ್ತಿತ್ತು. ಅವನು ಪಾಳಿಯಲ್ಲಿದ್ದ ದಿನದ ಪ್ರತಿ ಹಾಳೆಯಲ್ಲೂ ಐದರಲ್ಲೋ ಆರರಲ್ಲೋ ಅಂಥದೊಂದು ಖಾಲಿ ಚೌಕ. "ಅಲ್ಲೆಲ್ಲ ಏನಾಯ್ತು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ" ಎಂದ. ನಮಗೆ ಎಂದದ್ದನ್ನು ನಾನು ಗಮನಿಸಿದೆ.

ಒಂಬತ್ತನೆಯದರವರೆಗೂ ಓದಿದೆ. ಸೋತಿದ್ದನ್ನು ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಹೊರಡುವಾಗ ಅವನು ಕೊಡಬಳೆಗಳನ್ನು ತಟ್ಟೆಗೆ ಸುರಿದುಕೊಂಡು, ಡಬ್ಬಿಯನ್ನು ಅಂಗಿಯ ತುದಿಯಿಂದ ಒರೆಸಿದ. ಆಮೇಲೆ ಸುತ್ತ ನೋಡಿದ. ಮೇಜಿನ ಮೇಲೆ ಔಷಧಿಯ ಬಾಟಲು, ಟಿಶ್ಯೂ ಪೆಟ್ಟಿಗೆ, ಟಿವಿ ರಿಮೋಟು. ಮಗಳ ಮನೆ, ಅವನದೆಂದು ಅಲ್ಲಿ ಏನೂ ಇರಲಿಲ್ಲ. "ಪರವಾಗಿಲ್ಲ ಹ್ಯಾರಲ್ಡ್, ಹಾಗೇ ಕೊಡು" ಎಂದೆ. ಅವನು ನನ್ನ ಮಡಿಲಲ್ಲಿದ್ದ ಹಾಳೆಯನ್ನು ತೆಗೆದುಕೊಂಡು, ಹಳೆಯ ಮಡಿಕೆಗಳಲ್ಲೇ ಮಡಿಸಿ, ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

"ಬೇಡ. ನಾನು ಇದಕ್ಕೆ ಲಾಯಕ್ಕಲ್ಲ" ಎಂದೆ.

"ನಿಯಮ ನೀನೇ ಹೇಳಿದ್ದು" ಎಂದ.

ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಬಂದೆ. ಶಾಲೆ, ಮಳೆ, ನಮ್ಮವರ ಜ್ವರ, ಒಂದಲ್ಲ ಒಂದು. ಮಾರ್ಚಿನಲ್ಲಿ, ಹೊಸ ಸೀಸನ್ ಶುರುವಾಗಲು ಇನ್ನೂ ಸ್ವಲ್ಪ ದಿನ ಇರುವಾಗ, ಲಿಂಡಾ ಫೋನ್ ಮಾಡಿದಳು.

ಬೇಲಿಯಾಚೆಯ ಮನೆಗೆ ಈಗ ತೆಲುಗಿನ ಗಂಡ ಹೆಂಡತಿ ಬಂದಿದ್ದಾರೆ. ಯುಗಾದಿಗೆ ಒಂದು ಬಟ್ಟಲು ಪುಳಿಹೋರ ಕೊಟ್ಟರು, ನಾನು ಬಟ್ಟಲಿಗೆ ನಿಪ್ಪಟ್ಟು ಹಾಕಿ ವಾಪಸು ಕೊಟ್ಟೆ. ಎಣ್ಣೆ ಹೀರಲು ತಂತಿಯ ಜಾಲರಿ ಕೊಂಡಿದ್ದೇನೆ. ಅಮ್ಮನ ಡಬ್ಬಿಯನ್ನು ಮಾತ್ರ ಆಮೇಲೆ ಯಾರಿಗೂ ಕಳಿಸಿಲ್ಲ. ಅದನ್ನು ಕೊನೆಯ ಸಲ ತುಂಬಿಸಿ ಕೊಟ್ಟವನು ಹ್ಯಾರಲ್ಡ್. ಇನ್ನು ತುಂಬಿಸಿ ಕೊಡುವ ಸರದಿ ನನ್ನದು, ಅದು ನನ್ನದಾಗಿಯೇ ಉಳಿದಿದೆ.

ಮೊನ್ನೆ ಕರೆಂಟು ಬರುವವರೆಗೂ ಕಿಟಕಿಯ ಬಳಿ ಕೂತು ಹಾಳೆಯನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಆರನೆಯ ಇನ್ನಿಂಗ್ಸಿನ ಆ ಚೌಕ ಬಂದಾಗ ನಿಲ್ಲಿಸಿದೆ. ಒಬ್ಬರು ಫೋನಿಗೆ ಓಡಿಹೋಗಿ, ಮಾತು ಮುಗಿಸಿ, ಮತ್ತೆ ಬಂದು ಪೆನ್ಸಿಲ್ ಎತ್ತಿಕೊಳ್ಳಲು ಬೇಕಾಗುವಷ್ಟು ಹೊತ್ತು ಸುಮ್ಮನೆ ಕಾದೆ. ಆಮೇಲೆ ಮುಂದಿನ ಚೌಕ ಓದಿದೆ.